ಪಾಲಾಗದ ಟ್ರ್ಯಾಕ್ಟರು

ಬಟ್ಟೆಗೆ ಹತ್ತಿದ ಡೀಸೆಲ್ ವಾಸನೆ ತೆಗೆಯುವ ಸೋಪು ಇನ್ನೂ ಹುಟ್ಟಿಲ್ಲ. ಟಿವಿಯ ಜಾಹೀರಾತಿನಲ್ಲಿ ಬರುವ ಹೆಣ್ಣುಮಕ್ಕಳು ಸಾರಿನ ಕಲೆ, ಕೆಸರಿನ ಕಲೆ ಎಲ್ಲವನ್ನೂ ಒಂದೇ ಸಲಕ್ಕೆ ತೊಳೆದು ನಗುತ್ತಾರೆ. ಅವರಲ್ಲಿ ಒಬ್ಬಳನ್ನಾದರೂ ಕರೆತಂದು ನಮ್ಮನೆಯವರ ಅಂಗಿಯ ಮುಂದೆ ಕೂರಿಸಬೇಕು ಎಂಬುದು ನನ್ನ ಬಹಳ ದಿನದ ಆಸೆ. ಇವತ್ತು ಬೆಳಿಗ್ಗೆ ಆ ಅಂಗಿಯನ್ನು ತಿಕ್ಕಿ ತಿಕ್ಕಿ, ಮೂಗಿಗೆ ಹಿಡಿದು ನೋಡಿ, ಸೋತು ಕೂತಾಗ ಭಾವನವರ ನೆನಪಾಯಿತು. ಭಾವನವರೆಂದರೆ ನಮ್ಮನೆಯವರ ಅಣ್ಣ. ಗೋಡೆಯ ಆಚೆಗೇ ಇದ್ದಾರೆ, ಕೆಮ್ಮಿದರೆ ಕೇಳಿಸುತ್ತದೆ. ಅಷ್ಟು ಹತ್ತಿರ ಇರುವವರನ್ನು ನೆನಪು ಮಾಡಿಕೊಳ್ಳುವುದೇನು ಎಂದು ನೀವು ಕೇಳಬಹುದು. ಕೇಳಿ, ಹೇಳುತ್ತೇನೆ.

ಗೊಳಸಂಗಿಯಿಂದ ಒಳಗೆ ಒಂದಿಷ್ಟು ದೂರ ಬಂದರೆ ನಮ್ಮ ಊರು. ನಮ್ಮ ಅಂಗಳದಲ್ಲಿ ಬೇವಿನ ಗಿಡದ ಕೆಳಗೆ ಒಂದು ಟ್ರ್ಯಾಕ್ಟರು ನಿಂತಿದೆ. ಮಾವನವರು ತಂದದ್ದು. ಹೊರದೇಶದ್ದಂತೆ, ಆ ಕಂಪನಿ ಮುಚ್ಚಿ ಎಷ್ಟೋ ಕಾಲವಾಯಿತಂತೆ. ಅದರ ಮೂಲ ಬಣ್ಣ ಯಾವುದೆಂದು ಕೇಳಿದರೆ ಊರಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ನಾನು ಮದುವೆಯಾಗಿ ಬಂದಾಗಲೇ ಅದು ಕಬ್ಬಿಣದ ಬಣ್ಣಕ್ಕೆ ತಿರುಗಿತ್ತು. ಈಗ ಇಂಥ ಹಳೆಯ ಟ್ರ್ಯಾಕ್ಟರುಗಳನ್ನು ಹುಡುಕಿಕೊಂಡು ಕಾರಿನಲ್ಲಿ ಜನ ಬರುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಮಾರುತ್ತೀರಾ ಎಂದು ಕೇಳುತ್ತಾರೆ. ನಮ್ಮದು ಮಾತ್ರ ಇನ್ನೂ ಹೊಲಕ್ಕೆ ಹೋಗುತ್ತದೆ.

ಅದನ್ನು ಉಸಿರಾಡುವಂತೆ ಇಟ್ಟವರು ಭಾವನವರು. ಕಂಪನಿಯೇ ಇಲ್ಲದ ಮೇಲೆ ಸ್ಪೇರ್ ಪಾರ್ಟ್ ಎಲ್ಲಿಂದ ಬರಬೇಕು? ಇಂಡಿ ತಾಲೂಕಿನ ಕಡೆ ಯಾರದೋ ಹೊಲದಲ್ಲಿ ಇದೇ ಜಾತಿಯ ಟ್ರ್ಯಾಕ್ಟರು ಕೆಟ್ಟು ಬಿದ್ದಿದೆ ಎಂದು ಸುದ್ದಿ ಬಂದರೆ ಅವರು ತೊಳೆದ ಧೋತರ ಉಟ್ಟು, ಟೋಪಿ ಹಾಕಿಕೊಂಡು, ಸತ್ತವರ ಮನೆಗೆ ಮಾತನಾಡಿಸಲು ಹೋಗುವವರಂತೆ ಗಂಭೀರವಾಗಿ ಬಸ್ಸು ಹತ್ತುತ್ತಿದ್ದರು. ಸಂಜೆಗೆ ಬರುವಾಗ ಚೀಲದಲ್ಲಿ ಒಂದು ಗೇರ್ ಚಕ್ರವೋ ನೀರಿನ ಪಂಪೋ ಇರುತ್ತಿತ್ತು. ಸಿಂದಗಿಯಲ್ಲಿ ಬೀಗರ ಮನೆಯ ಮದುವೆಗೆ ಹೋದಾಗಲೂ ಅಕ್ಕಿಕಾಳು ಹಾಕಿ, ಊಟಕ್ಕೂ ನಿಲ್ಲದೆ, ಗುಜರಿ ಅಂಗಡಿಗೆ ಹೋದ ಮನುಷ್ಯ. ಅವರ ಹೆಂಡತಿ, ಅಂದರೆ ನನ್ನ ನೆಗೆಣ್ಣಿ, ಅವರನ್ನು ನಾನು ಅಕ್ಕ ಎನ್ನುತ್ತೇನೆ, ಆ ಸಿಟ್ಟನ್ನು ಇವತ್ತಿಗೂ ಬಿಟ್ಟಿಲ್ಲ.

ಮಾವನವರು ತೀರಿಕೊಂಡ ಮೇಲೆ ಪಾಲಾಯಿತು. ಹೊಲ ಪಾಲಾಯಿತು, ಮನೆಯ ನಡುವೆ ಗೋಡೆ ಎದ್ದಿತು, ಹಂಡೆ ಕೊಡಗಳೂ ಪಾಲಾದವು. ಟ್ರ್ಯಾಕ್ಟರಿನ ಮಾತು ಬಂದಾಗ ನಮ್ಮನೆಯವರು, ಇದನ್ನು ಮಾರಿ ಹೊಸದು ತರೋಣ ಎಂದರು. ಅವರು ಹೇಳಿದ್ದು ಇಷ್ಟೇ. ಊರ ಹಿರಿಯರೆಲ್ಲ ಕೂತಿದ್ದರು. ಭಾವನವರು ಅವರ ಕಡೆ ತಿರುಗಿ, "ನೋಡ್ರಿ, ಅಪ್ಪ ಸತ್ತದ್ದು ಇವಗ ಹಬ್ಬ ಆಗೇತಿ" ಎಂದುಬಿಟ್ಟರು.

ಮಾವನವರ ಕೊನೆಯ ದಿನಗಳಲ್ಲಿ ಅವರನ್ನು ಎತ್ತಿ ಕೂರಿಸಿ, ಮೈ ಒರೆಸಿ, ಊಟ ಮಾಡಿಸಿದವರು ನಮ್ಮನೆಯವರು. ಆ ಮಾತು ಕೇಳಿದ್ದೇ ಅವರು ಎದ್ದು ಚಪ್ಪಲಿ ಮೆಟ್ಟಿಕೊಂಡರು. ಹೊಸ್ತಿಲಲ್ಲಿ ನಿಂತು, "ಟ್ರ್ಯಾಕ್ಟರಿನ್ಯಾಗ ನಂದೂ ಅರ್ಧ ಐತಿ. ಆ ಅರ್ಧ ನಾ ಬಿಡೂದಿಲ್ಲ" ಎಂದು ಹಿರಿಯರಿಗೆ ಹೇಳಿ ಹೋದರು. ಮಾರೋಣ ಎಂದವರೇ ಈಗ ಬಿಡುವುದಿಲ್ಲ ಎಂದು ಹಟ ಹಿಡಿದರು. ಅವತ್ತಿನಿಂದ ಅಣ್ಣತಮ್ಮಂದಿರ ಮಾತು ನಿಂತಿತು.

ಮಾತು ನಿಂತರೂ ಹೊಲದ ಕೆಲಸ ನಿಲ್ಲುತ್ತದೆಯೇ? ಆ ಟ್ರ್ಯಾಕ್ಟರಿಗೆ ಒಂದು ರೋಗವಿದೆ. ನಾಲ್ಕು ದಿನ ನಿಂತರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಳ್ಳುತ್ತದೆ. ನಮ್ಮ ಕಡೆ ಏರ್ ಹಿಡಿಯಿತು ಎನ್ನುತ್ತಾರೆ. ಏರ್ ಹಿಡಿದರೆ ಎಷ್ಟು ಗುದ್ದಾಡಿದರೂ ಎಂಜಿನ್ ಚಾಲೂ ಆಗುವುದಿಲ್ಲ. ಅದನ್ನು ತೆಗೆಯಲು ಇಬ್ಬರು ಬೇಕು. ಒಬ್ಬರು ಮೇಲೆ ಸೀಟಿನಲ್ಲಿ ಕೂತು ಎಂಜಿನ್ ತಿರುಗಲು ಸೆಲ್ಫ್ ಹೊಡೆಯಬೇಕು. ಇನ್ನೊಬ್ಬರು ಎಂಜಿನ್ ಪಕ್ಕದಲ್ಲಿ ಬಗ್ಗಿ, ಪೈಪಿನ ನಟ್ಟು ಸಡಿಲ ಮಾಡಿ, ನೊರೆ ಹೋಗಿ ಬರೀ ಡೀಸೆಲ್ ಬರುವುದನ್ನು ಕಾದು, ಪಾನಾ ಹಾಕಿ ಬಿಗಿಯಬೇಕು. ಸೀಟು ನಮ್ಮನೆಯವರದು, ಪಾನಾ ಭಾವನವರದು. ಚಿಕ್ಕಂದಿನಿಂದಲೂ ಹಾಗೇ ಅಂತೆ.

ಈಗ ಮಾತಿಲ್ಲದ ಇಬ್ಬರು ಈ ಕೆಲಸ ಹೇಗೆ ಮಾಡಬೇಕು? ಭಾವನವರು ಅಕ್ಕನಿಗೆ ಹೇಳಬೇಕು. ಅಕ್ಕ ನನಗೆ ಹೇಳಬೇಕು. ನಾನು ನಮ್ಮನೆಯವರಿಗೆ ಹೇಳಬೇಕು. ಅಕ್ಕನೇ ನೇರ ಮೈದುನನಿಗೆ ಹೇಳಬಹುದಿತ್ತು, ಆದರೆ ಆ ಹಬ್ಬದ ಮಾತಿನ ನಂತರ ನಮ್ಮನೆಯವರು ಅಕ್ಕನ ಮುಖವನ್ನೂ ನೋಡುತ್ತಿರಲಿಲ್ಲ. ಭಾವನವರು ನೇರ ನನಗೇ ಹೇಳಬಹುದಿತ್ತು, ಆದರೆ ನಮ್ಮ ಮನೆತನದಲ್ಲಿ ತಮ್ಮನ ಹೆಂಡತಿ ಭಾವನ ಎದುರು ಸೆರಗು ಹೊದ್ದು ನಿಲ್ಲುತ್ತಾಳೆಯೇ ಹೊರತು ಮಾತನಾಡುವುದಿಲ್ಲ. ನಾನು ಪಾಠ ಮಾಡುವ ನಿಡಗುಂದಿಯ ಶಾಲೆಯಲ್ಲಿ ಹೆಡ್‌ಮಾಸ್ತರರನ್ನು ತರಾಟೆಗೆ ತೆಗೆದುಕೊಂಡು ಬಂದ ದಿನವೂ ಅಂಗಳಕ್ಕೆ ಕಾಲಿಟ್ಟ ಕೂಡಲೇ ನನ್ನ ಸೆರಗು ತಾನಾಗಿ ತಲೆಗೆ ಬರುತ್ತಿತ್ತು. ಹೀಗೆ ಮಾತು ದಾಟಿಸುವುದು ಬಂದ ಸೊಸೆಗೆ ಸಿಕ್ಕ ಸಂಬಳವಿಲ್ಲದ ಕೆಲಸ.

"ಅವಗ ಹೇಳು, ಸೆಲ್ಫ್ ಹೊಡಿ ಅಂತ."

"ಸೆಲ್ಫ್ ಹೊಡಿಬೇಕಂತ ನೋಡವಾ."

"ಹೊಡಿಬೇಕಂತ್ರಿ."

ಭಾವನವರ ಮಾತು ಸೀಟಿನಲ್ಲಿದ್ದವರಿಗೆ ಮೊದಲೇ ಕೇಳಿಸಿರುತ್ತಿತ್ತು. ಆದರೂ ನನ್ನ ಬಾಯಿಂದ ಬರುವವರೆಗೆ ಅವರ ಕೈ ಅಲ್ಲಾಡುತ್ತಿರಲಿಲ್ಲ. 'ಹೊಡಿ' ಎಂಬ ಮಾತು ತಡವಾದರೆ ಚಿಂತೆಯಿಲ್ಲ, 'ಸಾಕು' ಎಂಬ ಮಾತು ತಡವಾದರೆ ಡೀಸೆಲ್ ಚಿಮ್ಮಿ ಭಾವನವರ ಮೀಸೆಗೆ ಬೀಳುತ್ತಿತ್ತು. ಒಮ್ಮೊಮ್ಮೆ ಅಕ್ಕ ಬೇಕೆಂದೇ ತಡ ಮಾಡುತ್ತಾರೇನೋ ಎಂಬ ಅನುಮಾನ ನನಗಿತ್ತು. ಗಂಡ ಊಟಕ್ಕೂ ನಿಲ್ಲದ ಆ ಮದುವೆ ಅವರಿಗೆ ನೆನಪಿತ್ತಲ್ಲ.

ಹೀಗೆ ವರ್ಷಗಳು ಹೋದವು. ಒಮ್ಮೆ ತಾಳಿಕೋಟೆಗೆ ಸಂತೆಗೆ ಹೋದವಳು, ಈ ಜೀತ ಮುಗಿದರೆ ಸಾಕು ಎಂದುಕೊಂಡು, ನಮ್ಮ ಟ್ರ್ಯಾಕ್ಟರಿನ ಬಗ್ಗೆ ಗೊತ್ತಿರುವ ಒಬ್ಬ ಮಿಸ್ತ್ರಿಯ ಗ್ಯಾರೇಜಿಗೆ ಹೋದೆ. ಈ ಏರ್ ಹಿಡಿಯುವುದಕ್ಕೆ ಔಷಧವೇ ಇಲ್ಲವೇ ಎಂದು ಕೇಳಿದೆ. ಆತ ನಕ್ಕ.

"ಪೈಪಿನ ಜೋಡಿನ್ಯಾಗ ಎರಡ್ ತಾಮ್ರದ ವಾಷರ್ ಸವದಾವ್ರಿ ಯಕ್ಕಾ. ಅವನ್ನ ಬದಲಿ ಮಾಡಿದ್ರ ಮುಗೀತು. ನಿಮ್ಮ ಭಾವ ಹ್ವಾದ ವರ್ಷನ ಒಯ್ದಾರಲ್ರಿ. ಇನ್ನೂ ಹಾಕಿಲ್ಲೇನ್ರಿ?"

ಬಸ್ಸಿನಲ್ಲಿ ಬರುವಾಗ ನನ್ನ ತಲೆಯಲ್ಲಿ ಅದೊಂದೇ ತಿರುಗುತ್ತಿತ್ತು. ಇಂಡಿ ತಾಲೂಕಿನವರೆಗೆ ಹೋಗಿ ಗೇರ್ ಚಕ್ರ ಹೊತ್ತು ತರುವ ಮನುಷ್ಯ ಎರಡು ವಾಷರ್ ಹಾಕುವುದನ್ನು ಮರೆಯುತ್ತಾರೆಯೇ? ರಾತ್ರಿ ಊಟಕ್ಕೆ ಬಡಿಸುತ್ತ ನಮ್ಮನೆಯವರಿಗೆ ಎಲ್ಲವನ್ನೂ ಹೇಳಿದೆ. ಅವರು ರೊಟ್ಟಿ ಮುರಿಯುವುದನ್ನು ನಿಲ್ಲಿಸಲಿಲ್ಲ.

"ಗೊತ್ತೈತಿ" ಎಂದರು.

"ಗೊತ್ತಿದ್ರ ನೀವರೆ ಹಾಕಬಾರದೇನ್ರಿ?"

"ನೀ ಪಲ್ಯ ನೀಡು."

ಪಲ್ಯ ನೀಡಿದೆ. ನನಗೆ ಆಗ ನಗು ಬಂತು, ಸಿಟ್ಟು ಬಂತು, ಕೊನೆಗೆ ಅಳುವೇ ಬಂತು. ಪಾನಾ ಹಿಡಿಯಲು ಊರಲ್ಲಿ ಬೇಕಾದಷ್ಟು ಜನರಿದ್ದರು. ಒಬ್ಬರನ್ನೂ ಇವರು ಕರೆದಿರಲಿಲ್ಲ. ಆ ವಾಷರ್ ಹಾಕಿದ ದಿನ ಇವರಿಬ್ಬರು ಒಂದೇ ಕಡೆ ನಿಲ್ಲಲು ಯಾವ ಕಾರಣವೂ ಉಳಿಯುವುದಿಲ್ಲ, ಅದು ಇಬ್ಬರಿಗೂ ಗೊತ್ತಿತ್ತು. ಆಮೇಲೆ ನಾನು ವಾಷರ್ ಮಾತು ಎತ್ತಲಿಲ್ಲ. 'ಸಾಕು' ಎಂಬುದನ್ನು ಮಾತ್ರ ಸ್ವಲ್ಪ ಬೇಗ ದಾಟಿಸಲು ಕಲಿತೆ.

ಇನ್ನೊಂದು ವಿಷಯ ನನ್ನ ಗಮನಕ್ಕೆ ಬರಬೇಕಾಗಿತ್ತು, ಬರಲಿಲ್ಲ. ಭಾವನವರು ಯಾರಾದರೂ ನಮಸ್ಕಾರ ಎಂದರೂ ತಿರುಗಿ ನೋಡದೆ ಹೋಗುತ್ತಿದ್ದರು. ಊರವರು ಸೊಕ್ಕು ಎಂದರು, ನಾನೂ ಹೌದೆಂದುಕೊಂಡೆ. ಗೋಡೆಯಾಚೆ ಅಕ್ಕನ ದನಿ ದಿನದಿಂದ ದಿನಕ್ಕೆ ದೊಡ್ಡದಾಗುತ್ತಿತ್ತು. ಗಂಡಹೆಂಡಿರ ಜಗಳ, ನಮಗೇಕೆ ಎಂದು ಸುಮ್ಮನಿದ್ದೆ. ಅಂಗಳದಲ್ಲಿಯಂತೂ ಹೇಳುವ ಕೆಲಸ ಅವರದು, ಕೇಳುವ ಕೆಲಸ ನಮ್ಮದು. ಯಾರೂ ಮಾತನಾಡಿಸದ ಮನುಷ್ಯನಿಗೆ ಕಿವಿ ಕೇಳಿಸದಿದ್ದರೆ ಯಾರಿಗೆ ಗೊತ್ತಾಗಬೇಕು?

ಮೊನ್ನೆ ಹಿಂಗಾರಿ ಬಿತ್ತನೆಗೆ ಹೊಲ ಹದವಾಗಿತ್ತು. ಹಸಿ ಆರುವುದರೊಳಗೆ ಹೋಗಬೇಕು. ಎಂದಿನಂತೆ ಏರ್ ಹಿಡಿದಿತ್ತು, ಎಂದಿನಂತೆ ನಾವು ನಾಲ್ವರೂ ನಿಂತೆವು. ಕೊನೆಯ ನಟ್ಟು ಬಿಗಿಯುವ ಮೊದಲೇ ಎಂಜಿನ್ ಹಿಡಿದುಕೊಂಡಿತು. ಮುಂದೆ ಫ್ಯಾನು ತಿರುಗತೊಡಗಿತು. ಭಾವನವರು ಬಗ್ಗಿದವರು ನಟ್ಟನ್ನೇ ನೋಡುತ್ತ, ಆಸರೆಗೆಂದು ಎಡಗೈಯನ್ನು ಮುಂದಕ್ಕೆ ಚಾಚಿದರು. ಕೈ ಫ್ಯಾನಿನ ಕಡೆಗೆ ಹೋಗುತ್ತಿತ್ತು. ಅಕ್ಕ ನೋಡಲಿಲ್ಲ, ನಾನೂ ನೋಡಲಿಲ್ಲ. ಸೀಟಿನಲ್ಲಿದ್ದವರು ನೋಡಿದರು.

"ಅಣ್ಣಾ, ಕೈ ತಗಿ."

ಅಷ್ಟು ದೊಡ್ಡ ದನಿ ನಮ್ಮನೆಯವರದು ಎಂದು ನನಗೆ ಕೂಡಲೇ ತಿಳಿಯಲಿಲ್ಲ. ಭಾವನವರು ತಲೆ ಎತ್ತಲಿಲ್ಲ. ಕೈ ಇನ್ನಷ್ಟು ಮುಂದೆ ಹೋಯಿತು. ನಮ್ಮನೆಯವರು ಎಂಜಿನ್ ಬಂದ್ ಮಾಡುವ ಗುಂಡಿ ಎಳೆದುಬಿಟ್ಟರು. ಫ್ಯಾನು ನಿಂತ ಮೇಲೆ ಭಾವನವರ ಕೈ ಅದರ ರೆಕ್ಕೆಯ ಮೇಲೆಯೇ ಊರಿತು. ಆಗ ಅವರು ಎದ್ದು ಅಕ್ಕನ ಕಡೆ ತಿರುಗಿದರು.

"ಯಾಕ ಬಂದ್ ಮಾಡಿದ? ಕೇಳು ಅವನ್ನ."

ಅಕ್ಕ ಬಾಯಿಗೆ ಸೆರಗು ಹಿಡಿದುಕೊಂಡು ನಿಂತಿದ್ದರು. ನನ್ನ ಕಡೆ ನೋಡಿ, "ಅವರಿಗೆ ಕೇಳ್ಸೂದಿಲ್ಲವಾ. ಭಾಳ ದಿನಾತು. ಯಾರಿಗೂ ಹೇಳಬ್ಯಾಡ ಅಂದಿದ್ರು" ಎಂದರು.

ನಾನು ಸೀಟಿನ ಕಡೆ ನೋಡಿದೆ. ನಮ್ಮನೆಯವರು ಸ್ಟೇರಿಂಗ್ ಹಿಡಿದು ಮುಖ ಆಚೆ ತಿರುಗಿಸಿಕೊಂಡು ಕೂತಿದ್ದರು. ಇಷ್ಟು ವರ್ಷದ ಮೇಲೆ ಬಾಯಿಬಿಟ್ಟು ಕರೆದಿದ್ದಾರೆ, ಕರೆಸಿಕೊಂಡವರಿಗೆ ಅದು ಗೊತ್ತೇ ಇಲ್ಲ. ಇನ್ನೊಮ್ಮೆ ಕರೆಯುವ ಗಂಡಸಲ್ಲ ಇವರು, ಅದು ನನಗೆ ಚೆನ್ನಾಗಿ ಗೊತ್ತು. ನಾನು ಅಕ್ಕನನ್ನು ದಾಟಿ ಹೋಗಿ ಭಾವನವರ ಎದುರಿಗೇ ನಿಂತೆ. ಮದುವೆಯಾಗಿ ಬಂದ ಮೇಲೆ ಅವರೊಡನೆ ನಾನು ಆಡಿದ ಮೊದಲ ಮಾತು ಅದು, ಶಾಲೆಯಲ್ಲಿ ಕೊನೆಯ ಬೆಂಚಿಗೆ ಕೇಳಿಸುವ ದನಿಯಲ್ಲಿ ಆಡಿದೆ.

"ನಿಮ್ಮ ತಮ್ಮ ನಿಮ್ಮನ್ನ ಕರದಾರ್ರಿ."

ಅವರು ನನ್ನ ತುಟಿಯನ್ನೇ ನೋಡಿದರು.

"ಏನಂತ ಕರದ?"

"ಅಣ್ಣಾ ಅಂದಾರ್ರಿ. ಅಣ್ಣಾ, ಕೈ ತಗಿ ಅಂದ್ರು."

ಭಾವನವರು ತಮ್ಮ ಕೈ ನೋಡಿಕೊಂಡರು, ಫ್ಯಾನು ನೋಡಿದರು. ಪಾನಾವನ್ನು ಎಂಜಿನ್ ಮೇಲಿಟ್ಟು, ನಿಧಾನಕ್ಕೆ ಸುತ್ತಿ ಬಂದು ಸೀಟಿನ ಕೆಳಗೆ ನಿಂತರು. ಅಕ್ಕನನ್ನು ಕರೆಯಲಿಲ್ಲ, ನನ್ನನ್ನೂ ನೋಡಲಿಲ್ಲ.

"ಬಲಗಿವಿ ಒಂಚೂರು ಕೇಳತೈತಿ. ಈ ಕಡಿಂದ ಇನ್ನೊಮ್ಮಿ ಕರಿಯೋ" ಎಂದರು.

ನಮ್ಮನೆಯವರು ಕೆಳಗಿಳಿದು ಆ ಕಿವಿಯ ಹತ್ತಿರ ಹೋಗಿ ನಿಂತರು. ಇನ್ನೊಮ್ಮೆ ಅಣ್ಣಾ ಎಂದು ಕರೆದರು. ಭಾವನವರು, "ಹೂಂ, ಕೇಳಿತು" ಎಂದರು.