ದೀಪ ಹಚ್ಚುವ ಹೊತ್ತಿನಲ್ಲಿ ಹಿಡಿದ ಮನೆ

ಒಂದು ಕಡೆ ನೆಟ್ಟಗೆ ಕೂತು ಉಣ್ಣುವ ಸ್ವಭಾವವೇ ನನ್ನದಲ್ಲ. ಈಗಲೂ ಊಟದ ನಡುವೆ ಎದ್ದು ಬಾಗಿಲಿನ ಅಗಳಿ ಹಾಕಿದೆಯೋ ಇಲ್ಲವೋ ನೋಡಿ ಬರುತ್ತೇನೆ. ಮಕ್ಕಳು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು. ಈ ಚಾಳಿ ನನಗೆ ಹತ್ತಿದ್ದು ನಲವತ್ತರ ದಶಕದ ಕೊನೆಗೆ, ಗಬ್ಬೂರು ಬಿಟ್ಟು ರಾಯಚೂರಿನಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದ ದಿನಗಳಲ್ಲಿ.

ನನ್ನ ಗಂಡನಿಗೆ ರಾಯಚೂರಿನಲ್ಲಿ ಹತ್ತಿಯ ಬೀಜ ಬಿಡಿಸುವ ಒಂದು ಜಿನ್ನಿನಲ್ಲಿ ತೂಕ ಬರೆಯುವ ಕೆಲಸ ಸಿಕ್ಕಿತ್ತು. ಹತ್ತಿಯ ಹಂಗಾಮು ಬಂತೆಂದರೆ ಜಿನ್ನು ರಾತ್ರಿಯೂ ನಡೆಯುತ್ತದೆ. ಅಂದರೆ ರಾತ್ರಿಯೆಲ್ಲ ಮನೆಯಲ್ಲಿ ನಾನು, ಆಗತಾನೇ ನಡೆಯಲು ಕಲಿತ ಮಗಳು, ಮೊಲೆ ಬಿಡದ ಮಗ, ಇಷ್ಟೇ ಜನ. ಕಾಲವೂ ನೆಟ್ಟಗಿರಲಿಲ್ಲ. ಹೈದರಾಬಾದಿನ ನವಾಬನ ಕಡೆಯವರು ಇವತ್ತು ಆ ಊರಿಗೆ ನುಗ್ಗಿದರಂತೆ, ನಾಳೆ ಈ ಊರಿಗೆ ಬರುತ್ತಾರಂತೆ ಎಂಬ ಮಾತು ಬಾವಿಕಟ್ಟೆಯಲ್ಲೂ ಸಂತೆಯಲ್ಲೂ ಹರಿದಾಡುತ್ತಿತ್ತು. ಕೈಲಾದವರು ಹೊಳೆ ದಾಟಿ ನವಾಬನ ಆಳ್ವಿಕೆಯಿಲ್ಲದ ಆಚೆ ಸೀಮೆಗೆ ಹೋದರು. ನಮಗೆ ಆಚೆ ಯಾರೂ ಇರಲಿಲ್ಲ. ಮನೆ ಅಂದರೆ ನನಗೆ ಗೋಡೆಯೂ ಅಲ್ಲ, ಮಾಳಿಗೆಯೂ ಅಲ್ಲ. ಗಂಡ ಜಿನ್ನಿನಲ್ಲಿದ್ದಾಗ ನಾನು ಒದರಿದರೆ ಯಾರು ಬರುತ್ತಾರೆ ಎಂಬುದೊಂದೇ ಪ್ರಶ್ನೆ ತಲೆ ತಿನ್ನುತ್ತಿತ್ತು.

ಮಕ್ಕಳನ್ನು ಮಾನ್ವಿಯ ನನ್ನ ತವರಿನಲ್ಲಿ ಬಿಟ್ಟು ನಾವಿಬ್ಬರೂ ಒಂದು ದಿನ ರಾಯಚೂರು ಸುತ್ತಿದೆವು. ಸ್ಟೇಷನ್ ಕಡೆ ಒಂದು ಮನೆ ನೋಡಿದೆವು. ಹೊಸದು, ಬಾಡಿಗೆಯೂ ಸೋವಿ. ಮನೆಯ ಮಾಲೀಕ ಬಹಳ ಹೆಮ್ಮೆಯಿಂದ, "ಇಲ್ಲಿ ಯಾರಿಗೂ ಯಾರ ಗೊಡವಿ ಇಲ್ರಿ. ಬರ್ತಾರ, ಇರ್ತಾರ, ಹೋಗ್ತಾರ," ಎಂದ. ಅಷ್ಟು ಕೇಳಿದ್ದೇ ನಾನು ಸೀರೆಯ ಸೆರಗು ಸರಿಮಾಡಿಕೊಂಡು ಹೊರಗೆ ನಡೆದೆ. ಆಮೇಲೆ ಕೋಟೆಯೊಳಗಿನ ನಮ್ಮ ಮಂದಿಯ ಓಣಿ. ಅಲ್ಲಿ ಮನೆಯಾಕೆ ನನ್ನ ಅಜ್ಜಿಯ ತವರು ಯಾವುದೆಂಬ ತನಕ ವಿಚಾರಿಸಿದಳು, ಕೊನೆಗೆ ಬಾಡಿಗೆ ಹೇಳಿದಾಗ ನನ್ನ ಗಂಡ ಕೆಮ್ಮತೊಡಗಿದರು. ಮೂರನೆಯದು ಕೋಟೆಯ ಹೊರಗೆ, ತಲಾಬ ಎಂದು ಕರೆಯುವ ಕೆರೆಯ ಹಿಂದಿನ ಓಣಿ. ಬಡಿಗೇರರು, ಪಿಂಜಾರರು, ಜಟಕಾ ಹೊಡೆಯುವವರು, ನಮ್ಮವರ ನಾಲ್ಕು ಮನೆ, ಎಲ್ಲ ಕಲಸುಮೇಲೋಗರ. ಬಾಡಿಗೆ ನಮಗೆ ಎಟುಕುವಂತಿತ್ತು. ಆದರೆ ನೀರು ಪಕ್ಕದ ಮನೆಯ ಹಿತ್ತಲಿನ ಬಾವಿಯಿಂದ ತರಬೇಕು. ಆ ಪಕ್ಕದ ಮನೆ ಯಾರದು, ಎಂಥವರದು, ಒಂದೂ ತಿಳಿಯದು.

"ಕೋಟಿ ಒಳಗಿನ ಮನೀನ ಹಿಡೀರಿ," ಎನ್ನುತ್ತಿದ್ದೆ ಒಂದು ಗಳಿಗೆ. "ಬ್ಯಾಡ, ತಲಾಬದ್ದ ಇರ್ಲಿ," ಎನ್ನುತ್ತಿದ್ದೆ ಮತ್ತೊಂದು ಗಳಿಗೆ. ನನ್ನ ಗಂಡನ ತಲೆ ಕೆಟ್ಟು ಹೋಗಿತ್ತು. ಮಾನ್ವಿಗೆ ವಾಪಸು ಬರುವಾಗ ಮೋಟಾರು ನೀರಮಾನ್ವಿ ದಾಟುತ್ತಲೇ ಎಲ್ಲಮ್ಮನ ಗುಡಿಯ ಕಡೆ ಕೈ ಮುಗಿದು, "ತಾಯಿ, ಈಕಿಗೆ ಒಂದು ಬುದ್ಧಿ ಕೊಡು," ಎಂದು ನನಗೆ ಕೇಳುವಂತೆಯೇ ಬೇಡಿಕೊಂಡರು.

ದಾರಿ ತೋರಿಸಿದವಳು ನನ್ನ ಅವ್ವ. "ಗ್ವಾಡಿ ನೋಡಿದ್ರ ಏನ್ ತಿಳೀತದ? ಕೈಯಾಗ ಕುಳ್ಳು ಹಿಡ್ಕೊಂಡು ನಾಕು ಬಾಗ್ಲಾಗ ಬೆಂಕಿ ಕೇಳ್ರಿ. ಕೆಂಡಾ ಕೊಟ್ಟು ಎರಡು ಮಾತು ವಿಚಾರಿಸೋ ಮಂದಿ ಎಲ್ಲದಾರ, ಅಲ್ಲಿ ಮನಿ ಹಿಡೀರಿ," ಎಂದಳು. ಆಗ ಕಡ್ಡಿಪೆಟ್ಟಿಗೆ ಸುಲಭವಾಗಿ ಸಿಗುತ್ತಿರಲಿಲ್ಲ. ನೆರೆಮನೆಯ ಒಲೆಯಿಂದ ಸೆಗಣಿಯ ಕುಳ್ಳಿನ ಮೇಲೆ ಕೆಂಡ ತಂದು ಒಲೆ ಹಚ್ಚುವುದು ಎಲ್ಲ ಮನೆಗಳಲ್ಲೂ ಇದ್ದದ್ದೇ. ಅವ್ವನ ಮಾತು ನನಗೆ ಸರಿ ಕಂಡಿತು. ನಾನೇ ಹೋಗಬೇಕೆಂದು ಹೊರಟು ನಿಂತಾಗ ಮಗನಿಗೆ ಜ್ವರ ಬಂತು. ಹಂಗಾಮು ಸುರುವಾಗುತ್ತಿತ್ತು, ತಡೆಯುವಂತಿರಲಿಲ್ಲ. ಗಂಡನನ್ನೇ ಕಳಿಸಿದೆವು.

ವಾರ ಕಳೆದ ಮೇಲೆ ಅವರು ಮಾನ್ವಿಗೆ ಬಂದರು. ಮುಖದಲ್ಲಿ ಗೆದ್ದ ಕಳೆ. ಕೂಡುವ ಮೊದಲೇ ಸುರು ಮಾಡಿದರು.

"ಕೋಟಿ ಒಳಗ ನಿಮ್ಮ ಮಂದಿ ಅಂತ ಕುಣೀತಿದ್ದೆಲ್ಲ, ಒಬ್ಬರರ ಬೆಂಕಿ ಕೊಡಬೇಕಿಲ್ಲೋ? ಒಬ್ಬಾಕಿ ನನ್ನ ಮಾರಿ ನೋಡಿ ಬಾಗ್ಲಾನ ಹಾಕ್ಕೊಂಡ್ಲು. ತಲಾಬದ ಓಣ್ಯಾಗೂ ನಮ್ಮವರು ಯಾರೂ ಕೊಡ್ಲಿಲ್ಲ. ಪಕ್ಕದ ಮನಿ ಮುದುಕಿ ಒಬ್ಬಾಕಿ ಕೊಟ್ಲು. ಸಾಬರಾಕಿ. ಮುಂಗಡ ಕೊಟ್ಟು ಬಂದೀನಿ."

ನನಗೆ ಏನೋ ಅನುಮಾನ ಬಂತು. "ಎಷ್ಟೊತ್ತಿಗೆ ಹೋಗಿದ್ರಿ?" ಎಂದು ಕೇಳಿದೆ.

"ಜಿನ್ನು ಬಿಟ್ಟ ಮ್ಯಾಲ. ದೀಪ ಹಚ್ಚೋ ಹೊತ್ತಾಗಿತ್ತು."

ಅವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು, ನಕ್ಕಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. ನನಗೆ ನಗು ಬರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಯಾವ ಮನೆಯವರೂ ಬೆಂಕಿ ಹೊರಗೆ ಕೊಡುವುದಿಲ್ಲ, ಉಪ್ಪು ಕೊಡುವುದಿಲ್ಲ, ಮೊಸರಿನ ಹೆಪ್ಪು ಕೊಡುವುದಿಲ್ಲ. ಲಕ್ಷ್ಮಿ ಒಳಗೆ ಬರುವ ಹೊತ್ತಿನಲ್ಲಿ ಮನೆಯದನ್ನು ಹೊರಗೆ ಕಳಿಸಬಾರದೆಂದು ಲಂಗ ಉಡುವ ಹುಡುಗಿಗೂ ಗೊತ್ತು. ಆದ್ದರಿಂದಲೇ ಅವ್ವ ಅದನ್ನು ಬಿಡಿಸಿ ಹೇಳಿರಲಿಲ್ಲ. ನಾಲ್ಕಕ್ಷರ ಕಲಿತು ತೂಕ ಬರೆಯುವ ಗಂಡಸಿಗೆ ಇದು ಗೊತ್ತಿರುವುದಿಲ್ಲವೆಂದು ಇಬ್ಬರಿಗೂ ಹೊಳೆಯಲಿಲ್ಲ. ಒಳ್ಳೆಯ ಮಂದಿಯನ್ನೆಲ್ಲ ಕೆಟ್ಟವರೆಂದು ಬಗೆದು, ನಮ್ಮ ನೇಮ ನಿಷ್ಠೆ ತಿಳಿಯದ ಯಾರೋ ಮುದುಕಿಯ ಪಕ್ಕ ನಮ್ಮನ್ನು ತಂದಿಟ್ಟಿದ್ದರು ಪುಣ್ಯಾತ್ಮ. ಸಿಟ್ಟಿನಿಂದ ಮೈಯೆಲ್ಲ ಉರಿದು ಹೋಯಿತು. ಕೊಟ್ಟ ಮುಂಗಡ ತಿರುಗಿ ಬರುವಂತಿರಲಿಲ್ಲ. ಚಕ್ಕಡಿಯಲ್ಲಿ ಸಾಮಾನು ಹೇರಿಕೊಂಡು ಹೋಗಿ ಆ ಮನೆ ಹೊಕ್ಕೆವು.

ಮೊದಲ ಕೆಲವು ದಿನ ನಾನು ಯಾರ ಜೊತೆಗೂ ಮಾತಾಡಲಿಲ್ಲ. ಬಾವಿಗೆ ಹೋಗುತ್ತಿದ್ದೆ, ಕೊಡ ತುಂಬಿಸಿ ತಲೆ ತಗ್ಗಿಸಿ ಬರುತ್ತಿದ್ದೆ. ಪಕ್ಕದ ಮನೆಯಲ್ಲಿ ಆ ಮುದುಕಿ, ಜಟಕಾ ಹೊಡೆಯುವ ಮಗ, ಸೊಸೆ, ನನ್ನ ಮಗನ ವಾರಿಗೆಯ ಒಂದು ಕೂಸು. ಓಣಿಯವರೆಲ್ಲ ಮುದುಕಿಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಆಕೆಯೇ ನನ್ನ ಕೈಯಿಂದ ಹಗ್ಗ ಇಸಿದುಕೊಂಡು ನೀರು ಸೇದಿಕೊಟ್ಟಳು. ನನಗೆ ತಡೆಯಲಾಗಲಿಲ್ಲ. "ದೀಪ ಹಚ್ಚೋ ಹೊತ್ತಿನ್ಯಾಗ ನಮ್ಮವರಿಗೆ ಬೆಂಕಿ ಯಾಕ ಕೊಟ್ರಿ?" ಎಂದು ಕೇಳಿಯೇಬಿಟ್ಟೆ.

ಖಾಲಾ ನಕ್ಕಳು. "ನಮ್ಮಲ್ಲಿ ಭೀ ಸಂಜಿ ಮಗ್ರಿಬ್ ನಮಾಜಿನ ಹೊತ್ತಿಗೆ ಕೊಡಂಗಿಲ್ಲ ಬೇಟಿ. ಆದ್ರ ಗಂಡಸ ಮನಷ್ಯಾ ಕುಳ್ಳು ಹಿಡ್ಕೊಂಡು ಬಾಗ್ಲಾಗ ನಿಂತಾನಂದ್ರ, ಮನ್ಯಾಗ ಹೆಂಗಸಿಗೆ ಏಳಾಕ ಆಗವಲ್ದು, ಕೂಸು ಹಸದು ಅಳಾಕತ್ತದ ಅಂತ ತಿಳ್ಕೊಂಡೆ. ಕೊಟ್ಟೆ."

ಕೊಡ ಹೊತ್ತು ಮನೆಗೆ ಬಂದೆ. ನೇಮ ತಿಳಿಯದೆ ಕೊಟ್ಟಿದ್ದಳೆಂದು ನಾನು ಅಂದುಕೊಂಡಿದ್ದೆ. ಆಕೆ ತನ್ನ ನೇಮವನ್ನು ತಾನೇ ಮುರಿದು ಕೊಟ್ಟಿದ್ದಳು, ಅದೂ ಕಣ್ಣಿಗೆ ಕಾಣದ ನನ್ನ ಕೂಸಿಗಾಗಿ. ಗಂಡ ಆರಿಸಿದ್ದು ತಪ್ಪು ಲೆಕ್ಕದ ಮೇಲೆ, ಬಂದ ಉತ್ತರ ಮಾತ್ರ ಸರಿಯಾಗಿತ್ತು. ಈ ಮಾತನ್ನು ಅವರಿಗೆ ನಾನು ಎಂದೂ ಹೇಳಲಿಲ್ಲ, ಹೇಳಿದ್ದರೆ ಸಾಯುವ ತನಕ ಮೆರೆಯುತ್ತಿದ್ದರು.

ಆದರೂ ನನ್ನ ಜೀವಕ್ಕೆ ಸಮಾಧಾನವಿರಲಿಲ್ಲ. ಹಂಗಾಮು ಜೋರಾಯಿತು, ಗಂಡ ಹೊತ್ತು ಮುಳುಗುವ ಮೊದಲೇ ಜಿನ್ನಿಗೆ ಹೋಗುತ್ತಿದ್ದರು. ಒಂದು ಸಂಜೆ ತಲಾಬದ ಕಡೆಯಿಂದ ಜನ ಓಡೋಡಿ ಬಂದರು. ಯಾರು ಯಾರನ್ನು ಅಟ್ಟಿಸಿಕೊಂಡು ಬರುತ್ತಿದ್ದರೋ ತಿಳಿಯಲಿಲ್ಲ. ಓಣಿಯ ಬಾಗಿಲುಗಳು ದಡದಡನೆ ಮುಚ್ಚಿಕೊಂಡವು. ನಾನು ಅಗಳಿ ಹಾಕಿ, ಮಕ್ಕಳಿಬ್ಬರನ್ನೂ ಎದೆಗವಚಿಕೊಂಡು ಮೂಲೆಯಲ್ಲಿ ನಿಂತೆ. ಇಷ್ಟು ದಿನ ನಾನು ಕಾಯುತ್ತಿದ್ದ ಗಳಿಗೆ ಇದೇ. ಒದರಬೇಕೆಂದು ಬಾಯಿ ತೆರೆದೆ.

ಒದರುವ ಮೊದಲೇ ಖಾಲಾ ಬಂದಿದ್ದಳು. ಹಿತ್ತಲ ಬಾಗಿಲು ಬಡಿದು, ನಾನು ತೆರೆಯುತ್ತಲೇ ಮಗಳನ್ನು ಟೊಂಕದ ಮೇಲೆ ಎತ್ತಿಕೊಂಡು, "ನಡಿ, ಮೊದ್ಲು ನಮ್ಮ ಮನ್ಯಾಗ ಬಾ. ಅಳೋದು ಆಮ್ಯಾಲ," ಎಂದಳು. ಒಳಗಿನ ಕೋಣೆಯಲ್ಲಿ ಸೊಸೆ ತನ್ನ ಕೂಸನ್ನು ಸರಿಸಿ, ಅದೇ ಕೌದಿಯ ಮೇಲೆ ನನ್ನ ಮಗನಿಗೂ ಜಾಗ ಮಾಡಿದಳು. ಖಾಲಾನ ಮಗ ಹೊಸ್ತಿಲ ಮೇಲೆ ನಿಂತಿದ್ದ. ಹೊರಗಿನಿಂದ ಯಾರೋ ಒಳಗೆ ಯಾರಿದ್ದಾರೆಂದು ಗದರಿ ಕೇಳಿದರು. "ನಮ್ಮ ಮನಿ ಮಂದಿ," ಎಂದ. ಗದ್ದಲ ಇನ್ನೊಂದು ಓಣಿಗೆ ತಿರುಗಿ ಹೋಯಿತು. ಅಂದಿನಿಂದ ಕೆಲವು ದಿನ ನಾನು ಅಗಳಿಯನ್ನು ಎರಡೆರಡು ಸಲ ನೋಡುವುದು ಬಿಟ್ಟೆ. ನನ್ನ ಬಾಳಿನಲ್ಲಿ ನಾನು ನಿಶ್ಚಿಂತೆಯಿಂದ ಮಲಗಿದ ದಿನಗಳು ಅವೇ.

ಮುಂದಿನ ಮಳೆಗಾಲದ ಕೊನೆಗೆ ನವಾಬನ ಸರಕಾರ ಹೋಗಿ ಹೊಸ ಸರಕಾರ ಬಂತು. ಕೋಟೆಯೊಳಗಿನವರು ಸಕ್ಕರೆ ಹಂಚಿದರು. ನನ್ನ ಗಂಡ ಪೇಟ ಸುತ್ತಿಕೊಂಡು ಗಂಜ್ ಪೇಟೆಯ ತನಕ ಹೋಗಿ ಬಂದು, "ಇನ್ನ ಆರಾಮ ನಿದ್ದಿ ಮಾಡು," ಎಂದರು. ಎಲ್ಲರಿಗೂ ಹೋದ ಜೀವ ಬಂದಂತಾಗಿತ್ತು, ನನಗೂ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಗೋಡೆಯಾಚೆಯ ಬಾಗಿಲು ದಿನದಿನಕ್ಕೆ ಬೇಗ ಮುಚ್ಚತೊಡಗಿತು. ಖಾಲಾನ ಮಗ ದೂರದ ಊರಿಗೆ ಜಟಕಾ ಬಾಡಿಗೆ ಹಿಡಿಯುವುದನ್ನು ಬಿಟ್ಟ. ಆ ಊರಿಗೆ ನುಗ್ಗಿದರಂತೆ, ಈ ಊರಿಗೆ ಬರುತ್ತಾರಂತೆ ಎಂಬ ಮಾತುಗಳು ಮತ್ತೆ ಕೇಳಿಬಂದವು. ಈ ಸಲ ಅವಕ್ಕೆ ಹೆದರಬೇಕಾದವರು ನಾವಲ್ಲ, ಗೋಡೆಯಾಚೆಯವರು.

ಒಂದು ದಿನ ಬಾವಿಯ ಹತ್ತಿರ ಸೊಸೆ ಕೂಸನ್ನು ಟೊಂಕಕ್ಕೆ ಏರಿಸಿಕೊಂಡು ನನ್ನನ್ನೇ ಕಾಯುತ್ತಿದ್ದಳು. "ಅಕ್ಕಾ, ನೀ ರಾಯಚೂರೆಲ್ಲಾ ತಿರುಗಿ ಮನಿ ನೋಡೀದಿ. ನಮಗ ಇರಾಕ ಯಾವ ಓಣಿ ಛೊಲೋ ಅದ, ಹೇಳು," ಎಂದಳು.

"ಎದಕ ಹೋಗ್ತಿ? ನಾ ಇಲ್ಲಿ ಅದೀನಲ್ಲ," ಎಂದೆ.

"ನೀ ಅದೀ ಅಕ್ಕಾ. ಒದರಿದ್ರ ನೀ ಬರ್ತಿ, ನನಗ ಗೊತ್ತದ. ಮತ್ಯಾರು ಬರ್ತಾರ?"

ನಾನು ಓಣಿಯ ಮನೆಗಳನ್ನೆಲ್ಲ ಮನಸ್ಸಿನಲ್ಲಿ ಒಂದೊಂದಾಗಿ ದಾಟಿ ಹೋದೆ. ಒಂದು ಹೆಸರೂ ನಾಲಗೆಗೆ ಬರಲಿಲ್ಲ. ಅವಳು ಕೊಡ ಎತ್ತಿಕೊಂಡು ಒಳಗೆ ಹೋದಳು. ಅಂದು ನನಗಾದ ನಾಚಿಕೆಯನ್ನು ಏನೆಂದು ಹೇಳಲಿ.

ಅವರು ಹೈದರಾಬಾದಿನ ಕಡೆಯ ಸಂಬಂಧಿಕರಲ್ಲಿಗೆ ಹೊರಟರು. ಜಟಕಾ, ಕುದುರೆ ಎರಡನ್ನೂ ಮಾರಿ, ಯಾರದೋ ಚಕ್ಕಡಿಯಲ್ಲಿ ಸ್ಟೇಷನ್ನಿಗೆ ಸಾಮಾನು ಹೇರಿದರು. ಖಾಲಾ ನನ್ನ ಮಕ್ಕಳ ತಲೆ ಸವರಿ, "ಬಾವಿ ಹಗ್ಗ ಹಳೇದಾಗ್ಯದ ಬೇಟಿ, ಜ್ವಾಕಿ," ಎಂದಳು.

ಹದಿನೈದು ದಿನವೂ ಆಗಿರಲಿಲ್ಲ, ನನ್ನ ಗಂಡ ಖುಷಿಯಿಂದ ಬಂದರು. ಮಾಲೀಕ ಖಾಲಾ ಬಿಟ್ಟುಹೋದ ಮನೆಯನ್ನು ನಮಗೇ ಕೊಡುತ್ತಾನಂತೆ. ದೊಡ್ಡ ಮನೆ, ಹಿತ್ತಲಲ್ಲೇ ಬಾವಿ, ಬಾಡಿಗೆ ಈಗಿನದಕ್ಕಿಂತ ಕಡಿಮೆ. "ನೀ ಬೇಡಿದ್ದೆಲ್ಲಾ ಅದ ನೋಡು," ಎಂದರು. "ಆ ಮನಿ ಮಾತು ಇನ್ನೊಮ್ಮಿ ನನ್ನ ಮುಂದ ತೆಗೀಬ್ಯಾಡ್ರಿ," ಎಂದೆ. ನನ್ನ ದನಿಗೆ ಮಗಳು ಬೆಚ್ಚಿ ಅಳತೊಡಗಿದಳು. ಅವರು ಮತ್ತೆ ಆ ಮಾತು ತೆಗೆಯಲಿಲ್ಲ.

ಮನೆ ಬಹಳ ದಿನ ಖಾಲಿ ಇರಲಿಲ್ಲ. ಹಿರೇಕೊಟ್ನೆಕಲ್ ಕಡೆಯಿಂದ ನಮ್ಮವರೇ ಒಂದು ಎಳೆಯ ಜೋಡಿ ಮನೆ ನೋಡಲು ಬಂತು. ಗಂಡ ಮಾಲೀಕನ ಸಂಗಡ ಒಳಗೆ ಗೋಡೆ ಮಾಳಿಗೆ ನೋಡುತ್ತಿದ್ದ. ಹೆಂಡತಿ, ಬಸುರಿ, ಸುಮ್ಮನೆ ಹಿತ್ತಲಿಗೆ ಬಂದು ಮೋಟು ಗೋಡೆಯ ಮೇಲೆ ಕೈಯಿಟ್ಟು ನನ್ನನ್ನು ಕರೆದಳು. ನಿದ್ದೆಯಿಲ್ಲದ ಕಣ್ಣುಗಳು. ಅವಳು ಬಾಯಿ ತೆರೆಯುವ ಮೊದಲೇ ಏನು ಕೇಳುತ್ತಾಳೆಂದು ನನಗೆ ಗೊತ್ತಾಯಿತು.

"ಅಕ್ಕಾ, ನಮ್ಮವರು ಕೆಲಸಕ್ಕ ಹೋದಾಗ ನಾ ಒಬ್ಬಾಕೇ ಇರ್ತೀನಿ. ಈ ಓಣಿ ಹೆಂಗದ? ಛೊಲೋ ಮಂದಿ ಅದಾರೇನು?"

"ಛೊಲೋ ಮಂದಿ ಇದ್ದ ಮನೀನ ನೀ ನೋಡಾಕ ಬಂದೀದಿ ತಂಗಿ," ಎಂದೆ. "ಅವರು ಹೋದ್ರು. ಉಳಿದವರು ನಾವು ಅದೀವಿ."