ನಾನಿದ್ದಾಗ ಆಡದ ತಮಿಳು

ಬಂಗಾರಪೇಟೆ ಪಕ್ಕದ ಹಳ್ಳಿ ನನ್ನದು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಅಷ್ಟರಲ್ಲೇ ಬೆಳೆದೆ. ಬಂಗಾರಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ, ಅಲ್ಲಿಗೆ ದಿನಾ ರೈಲಿನಲ್ಲಿ ಬಂದು ಹೋಗುತ್ತಿದ್ದವರೊಬ್ಬರು ಇಷ್ಟವಾಗಿ ಮದುವೆಯಾದೆ. ಹಾಗೆ ಊರಿಗಾಂನಲ್ಲಿ ಚಿನ್ನದ ಗಣಿ ಕೆಲಸಗಾರರ ಲೈನಿನ ಮನೆಗೆ ಸೊಸೆಯಾಗಿ ಬಂದೆ. ಅದು ತಮಿಳು ಮನೆ.

ಮೊದಲ ದಿನ ಊಟಕ್ಕೆ ಕೂತಾಗ ಅತ್ತೆ ಮತ್ತು ನನ್ನ ಗಂಡನ ಅಕ್ಕ ತಮಿಳಿನಲ್ಲಿ ಏನೋ ಹೇಳಿಕೊಂಡು ನಕ್ಕರು. ನಾನು ತಟ್ಟೆ ನೋಡುತ್ತಾ ಕೂತೆ. ಮಾವ ಲೋಟ ಕೆಳಗಿಟ್ಟರು.

"ಆ ಮಗು ಕುಂತಿರೋವಾಗ ತಮಿಳ್ ಬ್ಯಾಡ. ಅರ್ಥ ಆಗ್ದೆ ಇದ್ರೆ ನನ್ನೇ ಆಡ್ಕೋತಾವ್ರೆ ಅನ್ಕೋತದೆ."

ಮಾವ ಗಣಿಯೊಳಗೆ ಕೆಲಸ ಮಾಡಿದವರು. ಅಲ್ಲಿ ಮೂರು ಭಾಷೆಯವರು ಒಟ್ಟಿಗೆ ಇಳಿಯುತ್ತಿದ್ದರಂತೆ. "ಕಲ್ಲು ಬೀಳ್ತದೆ ಅಂತ ಒಂದೇ ಭಾಷೇಲಿ ಕೂಗಿದ್ರೆ ಇನ್ನೊಬ್ಬ ಸಾಯ್ತಾನಮ್ಮ" ಎಂದು ನನಗೆ ಹೇಳಿದ್ದರು.

ಅಂದಿನಿಂದ ನಾನು ಅಡುಗೆಮನೆಯಿಂದ ಹೊರಗೆ ಬಂದರೆ ನಡುಮನೆಯ ಮಾತು ನಿಲ್ಲುತ್ತಿತ್ತು, ಮತ್ತೆ ಕನ್ನಡದಲ್ಲಿ ಶುರುವಾಗುತ್ತಿತ್ತು. ಅತ್ತೆಯ ಕನ್ನಡ ತಡವರಿಸುತ್ತಿತ್ತು. ತಮಿಳಿನಲ್ಲಿ ಅಷ್ಟು ನಗಿಸುವವರು ಕನ್ನಡದಲ್ಲಿ ಸಪ್ಪೆಯಾಗುತ್ತಿದ್ದರು. ನನಗೆ ಹಾಯಾಗಿತ್ತು. ವರ್ಷಗಳು ಕಳೆದರೂ ನೀರಿಗೆ ತಣ್ಣಿ, ಊಟಕ್ಕೆ ಸಾಪಾಡು ಅನ್ನುವುದು ಬಿಟ್ಟು ಹೆಚ್ಚೇನೂ ಕಲಿಯಲಿಲ್ಲ. ಕಲಿಯುವ ಅಗತ್ಯ ಬರದಂತೆ ಮಾವ ನೋಡಿಕೊಂಡಿದ್ದರು.

ಗಣಿಯ ಧೂಳು ಅವರ ಎದೆಯಲ್ಲಿ ಉಳಿದಿತ್ತು. ಕೊನೆಗೆ ಹಾಸಿಗೆ ಹಿಡಿದರು. ಮೊದಲು ಅವರ ಕನ್ನಡದ ನಡುವೆ ತಮಿಳು ನುಸುಳಿತು, ಆಮೇಲೆ ಕನ್ನಡ ಪೂರ್ತಿ ಹೋಯಿತು. ನಾನು ಸುಮ್ಮನೆ ತಲೆಯಾಡಿಸುತ್ತಿದ್ದೆ. ನನಗೆ ತಿಳಿದಿಲ್ಲವೆಂದು ಗೊತ್ತಾಗಿ ಅವರು ಮುಖ ಗೋಡೆಗೆ ತಿರುಗಿಸುತ್ತಿದ್ದರು.

ಒಂದು ಮಧ್ಯಾಹ್ನ ಅತ್ತೆ ರೇಷನ್ ಅಂಗಡಿಗೆ ಹೋಗಿದ್ದರು. ಮನೆಯಲ್ಲಿ ಮಾವ, ನಾನು ಇಬ್ಬರೇ. ದಿಂಬಿಗೆ ಒರಗಿದ್ದವರು ಜಾರಿ ವಾಲಿಕೊಂಡಿದ್ದರು. ನನ್ನ ಕಡೆ ಕೈ ಚಾಚಿ "ತೂಕ್ಕು" ಎಂದರು. ನಮ್ಮ ಕನ್ನಡದ ತೂಕಡಿಕೆಯೇ ಇರಬೇಕು, ನಿದ್ದೆ ಬರುತ್ತಿದೆ ಎನ್ನುತ್ತಿದ್ದಾರೆ ಅಂದುಕೊಂಡೆ. ದಿಂಬು ತೆಗೆದು ಅವರನ್ನು ಮಟ್ಟಸವಾಗಿ ಮಲಗಿಸಿದೆ, ಹೊದಿಕೆ ಎಳೆದೆ. ಅವರು ನನ್ನ ಮಣಿಕಟ್ಟು ಹಿಡಿದು ಮತ್ತೆ ಅದನ್ನೇ ಅಂದರು. ದನಿ ಅರ್ಧದಲ್ಲೇ ನಿಂತಿತು.

"ಮಲಗಿ ಮಾವ, ನಾನಿಲ್ಲೇ ಇದ್ದೀನಿ" ಎಂದೆ.

ಅವರ ತುಟಿ ನೀಲಿಯಾಗುತ್ತಿತ್ತು. ಅಷ್ಟರಲ್ಲಿ ಅತ್ತೆ ಬಂದರು. ಅವರನ್ನು ಕಂಡು ಮಾವ ಮತ್ತೊಮ್ಮೆ "ತೂಕ್ಕು" ಎಂದು ತೊದಲಿದರು. ಚೀಲ ಬಾಗಿಲಲ್ಲೇ ಬಿಟ್ಟು, ಮಾವನ ಬೆನ್ನ ಕೆಳಗೆ ಕೈ ಹಾಕಿ ಎತ್ತಿ, ತಮ್ಮ ಹೆಗಲಿಗೆ ಒರಗಿಸಿಕೊಂಡರು.

"ಎತ್ತಿ ಕೂರ್ಸು ಅಂತಾವ್ರಮ್ಮ. ಮಲಗ್ಸಿದ್ರೆ ಉಸ್ರು ಆಡಲ್ಲ ಅವ್ರಿಗೆ."

ಮಾವನಿಗೆ ಉಸಿರು ಮರಳಿತು. ಅತ್ತೆಯ ಹೆಗಲ ಮೇಲಿಂದಲೇ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

ಅದೇ ವಾರ ತೀರಿಕೊಂಡರು. ಎದೆಯಲ್ಲಿ ಇನ್ನೇನೂ ಉಳಿದಿಲ್ಲವೆಂದು ಡಾಕ್ಟರು ಮೊದಲೇ ಹೇಳಿದ್ದರು, ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ ಎಂದು ಗಂಡ ಎಷ್ಟೋ ಸಲ ಹೇಳಿದರು.

ಹೆಣದ ಸುತ್ತ ಕೂತ ಹೆಂಗಸರು ತಮಿಳಿನಲ್ಲಿ ಮಾತಾಡುತ್ತಿದ್ದರು. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ "ತೂಕ್ಕು" ಹೋಗುವುದು ಕೇಳಿಸಿತು. ಒಬ್ಬೊಬ್ಬರಾಗಿ ನನ್ನ ಕಡೆ ನೋಡಿದರು. ಯಾರೂ ಕನ್ನಡಕ್ಕೆ ಹೊರಳಲಿಲ್ಲ. ಹೊರಳಿ ಎಂದು ಹೇಳುವವರು ಅಲ್ಲೇ ಮಲಗಿದ್ದರು.

ಆಮೇಲೆ ಆ ಮನೆಯಲ್ಲಿ ಬರೀ ತಮಿಳು. ಪಾತ್ರೆ ತೊಳೆಯುತ್ತಾ, ಬಟ್ಟೆ ಒಣಹಾಕುತ್ತಾ, ಕೇಳಿ ಕೇಳಿ ಕಲಿತೆ. ನಾನು ಕಲಿಯುತ್ತಿರುವುದನ್ನು ಯಾರೂ ಗಮನಿಸಲಿಲ್ಲ.

ವರ್ಷದ ತಿಥಿಗೆ ಹಳ್ಳಿಯಿಂದ ಅಪ್ಪ ಬಂದಿದ್ದರು. ಅವರಿಗೆ ಬಡಿಸುತ್ತಿದ್ದೆ. ಎದುರಿಗೇ ಕೂತಿದ್ದ ಗಂಡನ ಅಕ್ಕ, "ಹೊರಗಿನಿಂದ ಬಂದ ಒಬ್ಬಳಿಗಾಗಿ ನಮ್ಮಪ್ಪ ನಮ್ಮ ಮನೆಯಲ್ಲೇ ನಮ್ಮ ಬಾಯಿ ಕಟ್ಟಿದ, ಏನು ಸಿಕ್ಕಿತು ಅವನಿಗೆ" ಎಂದು ಅತ್ತೆಗೆ ತಮಿಳಿನಲ್ಲಿ ಹೇಳಿದಳು.

ಅಪ್ಪ ತಲೆಯೆತ್ತಿ ಮೆಲ್ಲಗೆ ಕೇಳಿದರು: "ಏನಂತಾವ್ರಮ್ಮ?"

"ಇನ್ನೊಸಿ ಸಾರು ಆಕು ಅಂತಾವ್ರೆ ಅಪ್ಪ."

ಅಪ್ಪ ಅವಳ ಕಡೆ ನೋಡಿ, ಸಾಕು ಎಂಬಂತೆ ಕೈ ಅಡ್ಡ ಹಿಡಿದು ನಕ್ಕರು. "ಒಳ್ಳೆ ಜನ" ಎಂದು ನನಗೆ ಹೇಳಿ ಮತ್ತೆ ಊಟಕ್ಕೆ ಬಗ್ಗಿದರು.