ಕಹಿ ಗಿಡಗಳ ಕೋಣೆ

ಹತ್ತೊಂಬತ್ತು ವರ್ಷಗಳಿಂದ ಅವಳಿಗೆ ಒಂದೇ ಕೆಲಸ: ಬೀನ್ಸ್ ಎಲೆ ಮಗುಚಿ, ಭೂತಗನ್ನಡಿ ಹಿಡಿದು, ಹಿಂಬದಿಗೆ ಅಂಟಿದ ಕೆಂಪು ನುಸಿಗಳನ್ನು ಎಣಿಸುವುದು. ತಳಿ ಸಂಶೋಧನಾ ಕೇಂದ್ರದ ಗಾಜಿನ ಮನೆಯಲ್ಲಿ ಎಲ್ಲರಿಗೂ ಅವಳು ‘ನುಸಿಯಕ್ಕ’. ಮನೆಯಲ್ಲೂ ಅವಳ ಕಣ್ಣು ಸುಮ್ಮನಿರುತ್ತಿರಲಿಲ್ಲ. ತಟ್ಟೆಯಲ್ಲಿ ಉದುರಿದ ಕೆಂಪು ಖಾರದ ಪುಡಿಯನ್ನೂ ಬಗ್ಗಿ ನೋಡುವಳು. “ಎಣಿಸಿದ್ದಾಯ್ತೇನೇ? ನಾನಿನ್ನು ಊಟ ಮಾಡ್ಲಾ?” ಎಂದು ಗಂಡ ರೇಗಿಸುತ್ತಿದ್ದ.

ಗಾಜಿನ ಮನೆಯಲ್ಲಿ ನಾಲ್ಕು ಕೋಣೆಗಳಿದ್ದವು. ಮೂರರಲ್ಲಿ ಕೇಂದ್ರದ ಮುಖ್ಯಸ್ಥ ಸಾಹೇಬರ ಹೊಸ ತಳಿ. ಮೆತ್ತನೆಯ ಎಲೆ, ಸಿಹಿ ಕಾಯಿ. ಕೊನೆಯದರಲ್ಲಿ ಕಾಡು ಬೀನ್ಸ್. ಅದರ ಎಲೆ ಬಾಯಿಗಿಟ್ಟರೆ ನಾಲಿಗೆ ಮುದುಡಿಕೊಳ್ಳುವಷ್ಟು ಕಹಿ. ನುಸಿ ಬಾಯಿ ಚುಚ್ಚಿ ರಸ ಹೀರಿದರೆ ಗಿಡದ್ದೇ ವಿಷ ಅದರ ಹೊಟ್ಟೆ ಸೇರುತ್ತಿತ್ತು. ಮೊಟ್ಟೆಯಿಡುವ ಮೊದಲೇ ನುಸಿ ಒಣಗಿ ಉದುರುತ್ತಿತ್ತು.

ಆ ಬೇಸಿಗೆಯಲ್ಲಿ ಮೊದಲ ಕೋಣೆಯ ಎಲೆಗಳ ಮೇಲೆ ನುಸಿ ಹೀರಿದ ಹಳದಿ ಚುಕ್ಕೆಗಳೆದ್ದವು. ಸಾಹೇಬರು ಮಾತ್ರ ಹೊಸ ತಳಿಗೆ ಇನ್ನಷ್ಟು ಜಾಗ ಹುಡುಕುತ್ತಿದ್ದರು.

“ಸೋಮವಾರ ಕಹಿ ಗಿಡ ಎಲ್ಲಾ ಕಿತ್ತುಬಿಡಮ್ಮ.”

“ಸ್ವಲ್ಪ ತಡೀರಿ ಸಾರ್. ನುಸಿ ಏರ್ತಾ ಇದೆ.”

“ತಿನ್ನೋಕಾಗದ ಕಾಯಿ ಕಟ್ಕೊಂಡು ಏನ್ ಮಾಡ್ತೀಯ?”

ಸೋಮವಾರ ಅವಳು ಗುದ್ದಲಿ ಹಿಡಿದು ಒಳಗೆ ಹೋದಳು. ಗಿಡಗಳ ಮುಂದೆ ನಿಂತಳು. ಕೈ ಬರಲಿಲ್ಲ. ಗುದ್ದಲಿ ಗೋಡೆಗೊರಗಿಸಿ ಬಾಗಿಲೆಳೆದುಕೊಂಡಳು.

ಆಮೇಲಿನ ಹತ್ತು ದಿನ ನೋಡುವ ಹಾಗಿರಲಿಲ್ಲ. ಸಿಹಿ ಗಿಡಗಳ ತುದಿಯಿಂದ ತುದಿಗೆ ನುಸಿ ನೇಯ್ದ ಬಲೆ ಹಬ್ಬಿತು. ಔಷಧಿ ಹೊಡೆದಷ್ಟೂ ನುಸಿ ಹೆಚ್ಚಾಯಿತು. ಮೂರು ಕೋಣೆಗಳೂ ತುಕ್ಕು ಹಿಡಿದಂತೆ ಕಂದಿದವು. ಸಾಹೇಬರು ಮೆಲ್ಲಗೆ ಕೇಳಿದರು:

“ಆ ಕಹಿ ಗಿಡ... ಕಿತ್ತುಬಿಟ್ಯಾ?”

“ಇಲ್ಲ ಸಾರ್. ಮನಸ್ಸು ಒಪ್ಪಲಿಲ್ಲ.”

ಅವರು ಬಾಗಿಲ ಚೌಕಟ್ಟು ಹಿಡಿದು ಉಸಿರು ಬಿಟ್ಟರು. “ಪುಣ್ಯಾತ್ಗಿತ್ತಿ! ಇನ್ಮೇಲೆ ನಮ್ಮ ಸಿಹಿ ಗಿಡಕ್ಕೆ ಇದ್ರದ್ದೇ ತಳಿ ಕೂಡಿಸ್ಬೇಕು.” ಕೋಣೆಯ ಬೀಗದಕೈ ಅವಳ ಕೈಗೇ ಬಂತು.

ಎರಡು ವಾರ ಕಹಿ ಎಲೆಗಳ ಮೇಲೆ ಒಂದು ನುಸಿಯೂ ಬದುಕಲಿಲ್ಲ. ಮೂರನೆಯ ವಾರ, ಬಾಗಿಲ ಬಳಿಯ ಗಿಡದಲ್ಲಿ ಒಂದು ನುಸಿ ಕಂಡಿತು. ಅದು ಒಣಗಲೆಂದು ಅವಳು ಕಾದಳು. ಮರುದಿನ ಅದರ ಪಕ್ಕದಲ್ಲಿ ಏಳು ಮೊಟ್ಟೆಗಳು, ಗಾಜಿನ ಹನಿಗಳಂತೆ. ನುಸಿ ಹೊಟ್ಟೆ ತುಂಬಿಸಿಕೊಂಡು ದುಂಡಗಾಗಿತ್ತು. ಅವಳು ಸಾಹೇಬರನ್ನು ಕರೆದಳು.

ಸಾಹೇಬರು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದರು.

“ಒಂದೇ ತಾನೇ?”

“ಕಹಿ ಕುಡ್ದೂ ಬದುಕಿದೆ ಸಾರ್. ಮರಿಗಳಿಗೂ ಅದೇ ರೂಢಿ ಆಗುತ್ತೆ.”

ಅವಳು ಆ ಎಲೆ ಕಿತ್ತು ಸೀಸೆಗೆ ಹಾಕಿ, ಮುಚ್ಚಳ ಬಿಗಿದು, ಪಕ್ಕದ ಎಲೆ ಮಗುಚಿದಳು.

ಅಲ್ಲಿ ಮೂರು ನುಸಿಗಳಿದ್ದವು.